ಆರಿದ ಸರದಲ್ಲಿ ಐದು ದೀಪ

"ಅವರ ಮೂವತ್ತೊಂದು ವರ್ಷದ ನೌಕರಿಯಲ್ಲಿ ಕೆಲಸದ ಒಂದು ಮೊಳೆ ಕೂಡ ಈ ಹೊಸಿಲು ದಾಟಿ ಒಳಗೆ ಬಂದಿದ್ದಿಲ್ಲ ತಾಯಿ," ಎನ್ನುತ್ತ ಹೊಲಿಗೆಯಮ್ಮ ಮಿಷನ್ನಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ಅದರಡಿ ಕಪ್ಪು ರಟ್ಟಿನ ದಪ್ಪ ಪುಸ್ತಕವೊಂದಿತ್ತು. "ಇದೊಂದು ಬಂತು. ಸೋಮವಾರ ಸಂಜೆ ಅಂಗಿ ಒಳಗೆ ಇಟ್ಕೊಂಡು ತಂದ್ರು. ಮಂಗಳವಾರ ಬೆಳಿಗ್ಗೆ ಹೋದವರು ವಾಪಸು ಬರಲಿಲ್ಲ."

ಇನ್‌ಸ್ಪೆಕ್ಟರ್ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಇಲಾಖೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ 'ಜಿಗಣೆ' ಎನ್ನುತ್ತಿದ್ದರು. ಆ ಹೆಸರು ಅವಳಿಗೂ ಗೊತ್ತಿತ್ತು, ಅದರಲ್ಲಿ ಅವಳಿಗೆ ತಕರಾರೂ ಇರಲಿಲ್ಲ. ಈ ಹೆಂಗಸಿನ ಗಂಡ, ಸರೋವರದ ದಡದ ಸಂಶೋಧನಾಲಯದಲ್ಲಿ ಗಡಿಯಾರಗಳನ್ನು ನೋಡಿಕೊಳ್ಳುತ್ತಿದ್ದ ಗಡಿಯಾರದಪ್ಪ, ಉಪಕರಣ ಪರೀಕ್ಷಿಸುವ ಕತ್ತಲ ಕೋಣೆಯಲ್ಲಿ ಉಸಿರು ಕಟ್ಟಿ ಸತ್ತು ಅಂದಿಗೆ ನಾಲ್ಕನೆಯ ದಿನ. ನೈಟ್ರೋಜನ್ ಸೋರಿ ಆದ ಆಕಸ್ಮಿಕ ಎಂದು ಎಲ್ಲರೂ ಬರೆದುಕೊಟ್ಟಿದ್ದರು. ಆಮ್ಲಜನಕ ಕಡಿಮೆಯಾದರೆ ಕೂಗಬೇಕಿದ್ದ ಗೋಡೆಯ ಮೇಲಿನ ಎಚ್ಚರಿಕೆ ಗಂಟೆಯೊಳಗೆ ಎರಡು ಬ್ಯಾಟರಿಗಳೂ ತಲೆಕೆಳಗಾಗಿ ಕೂತಿದ್ದನ್ನು ಕಂಡ ಮೇಲೆ ಆ ಮಾತು ಅವಳ ಗಂಟಲಲ್ಲಿ ಇಳಿದಿರಲಿಲ್ಲ. ಒಂದು ತಿರುವುಮುರುವಾದರೆ ಮರೆವು ಎನ್ನಬಹುದು. ಎರಡೂ ಆದರೆ?

"ಇದನ್ನ ಮೊದಲೇ ಯಾಕೆ ಕೊಡಲಿಲ್ಲಮ್ಮ?"

"ನೀವು ಕೇಳಲಿಲ್ಲ."

ಮಾತಿನಲ್ಲಿ ಕೊಂಕಿರಲಿಲ್ಲ. ಹೊಲಿಗೆಯಮ್ಮ ಸಣ್ಣ ದೇಹದ, ನೆಟ್ಟಗಿನ ಬೆನ್ನಿನ ಹೆಂಗಸು. ಕತ್ತಿನ ಸುತ್ತ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಗಂಡನನ್ನು ಕಳಿಸಿಕೊಟ್ಟ ಮರುದಿನವೇ ಅವಳು ಮಿಷನ್ನಿನ ಮುಂದೆ ಕೂತಿದ್ದಳೆಂದು ಬೀದಿಯವರು ಆಡಿಕೊಂಡಿದ್ದರು. ಒಪ್ಪಿಕೊಂಡ ಬಟ್ಟೆ ಒಪ್ಪಿಕೊಂಡ ದಿನಕ್ಕೆ ಕೊಡಬೇಕಲ್ಲ ಎಂಬುದಷ್ಟೇ ಅವಳ ಉತ್ತರವಾಗಿತ್ತು.

ಪುಸ್ತಕದ ತುಂಬ ಪೆನ್ಸಿಲ್ ಬರಹ. ಹಳೆಯ ಹಾಳೆಗಳಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಕೊನೆಯ ಎರಡು ವರ್ಷದ ಹಾಳೆಗಳಲ್ಲಿ ಅದೇ ಅಕ್ಷರ ಇರುವೆಯ ಕಾಲಿನಂತೆ ಚದುರಿತ್ತು. ಮಗ ಹೋದ ತಿಂಗಳಿನಿಂದಲೇ ಅವರ ಬೆರಳು ನಡುಗಲು ಶುರುವಾಯಿತು ಎಂದು ಹೊಲಿಗೆಯಮ್ಮ ಹೇಳಿದಳು. ಒಬ್ಬನೇ ಮಗ. ಮೂತ್ರಪಿಂಡ ಕೈಕೊಟ್ಟು ಮೂವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡಿದ್ದ. ಸೊಸೆ ಅದೇ ಸಂಶೋಧನಾಲಯದ ವಿಜ್ಞಾನಿ. ಗಂಡ ಹೋದ ಮೇಲೂ ಅವಳು ಅತ್ತೆ ಮಾವನ ಮನೆ ಬಿಟ್ಟು ಹೋಗಿರಲಿಲ್ಲ.

"ಸೋಮವಾರ ಏನಾದ್ರೂ ಹೇಳಿದ್ರಾ?"

"ಕೆಲಸದ ಮಾತು ನನಗೆ ತಿಳಿಯೋದಿಲ್ಲ ತಾಯಿ. ನಾನು ಟೇಪು ಹಿಡಿದವಳು. ಅವರಿಗೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಗೊತ್ತಾಗ್ತಿತ್ತು, ಊಟದ ಹೊತ್ತು ಮಾತ್ರ ಗೊತ್ತಾಗ್ತಿರಲಿಲ್ಲ." ಆಕೆಯ ತುಟಿ ತುಸು ಅರಳಿ ಮತ್ತೆ ಮುಚ್ಚಿಕೊಂಡಿತು. "ತಟ್ಟೆ ಮುಂದೆ ಕೂತು ಒಂದು ಮಾತು ಅಂದ್ರು. ಸುಳ್ಳನ್ನ ನಾನು ಹೇಳಿದ್ರೆ ನಾನೇ ತಿದ್ದಬಹುದು, ಮೇಲಿನವರು ಹೇಳಿದ್ರೆ ಯಾರು ತಿದ್ದೋದು ಅಂತ. ಅನ್ನ ಹಾಗೇ ಬಿಟ್ಟು ಎದ್ರು."

ಇನ್‌ಸ್ಪೆಕ್ಟರ್ ಮತ್ತೆ ಮತ್ತೆ ಕೆದಕಿದಳು. ಆಕೆ ಅದಕ್ಕಿಂತ ಹೆಚ್ಚು ಒಂದಕ್ಷರ ಬಿಡಲಿಲ್ಲ. ತಾನು ಹೊರಡಬೇಕು ಎಂದಳು. ಮಧ್ಯಾಹ್ನ ಮೂರಕ್ಕೆ ಸಂಶೋಧನಾಲಯದಲ್ಲಿ ದೊಡ್ಡ ಪ್ರಕಟಣೆ ಇತ್ತಲ್ಲ. ಹನ್ನೆರಡಕ್ಕೆ ನಿರ್ದೇಶಕರೇ ಕಾರು ಕಳಿಸುವವರಿದ್ದರು. ಸೊಸೆಯ ಹೆಸರು ಜಗತ್ತಿಗೆಲ್ಲ ಕೇಳುವ ದಿನ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತಾರಂತೆ. ಆಗಲೇ ಇನ್‌ಸ್ಪೆಕ್ಟರ್ ಗಮನಿಸಿದ್ದು: ಆಕೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಹೊರಗೆ ಹೋಗುವ ಚಪ್ಪಲಿ ಮೆಟ್ಟಿ ನಿಂತಿದ್ದಳು. ಇನ್ನೂ ಹತ್ತು ಗಂಟೆಯೂ ಆಗಿರಲಿಲ್ಲ.

*

ಸಂಶೋಧನಾಲಯದ ಉದ್ದನೆಯ ಮೊಗಸಾಲೆಯಲ್ಲಿ ಆಳುದ್ದದ ಒಂದು ಚಿತ್ರ ತೂಗುಹಾಕಿದ್ದರು. ಮಧ್ಯಾಹ್ನ ಒಂದರ ಸುಮಾರಿಗೆ ಅದರ ಮುಂದೆ ಇನ್‌ಸ್ಪೆಕ್ಟರ್ ನಿಂತಳು. ಎಡ ದವಡೆಯ ಹಲ್ಲು ಮೂರು ದಿನದಿಂದ ಜುಮ್ಮೆನ್ನುತ್ತಿತ್ತು; ಕೆನ್ನೆ ಸಣ್ಣಗೆ ಊದಿತ್ತು. ಪಕ್ಕದಲ್ಲಿ ದಫೇದಾರ ಪುಸ್ತಕ ಹಿಡಿದು ನಿಂತಿದ್ದ. ಅವನ ನಿವೃತ್ತಿಗೆ ಏಳು ತಿಂಗಳು ಬಾಕಿ. ಓದುವ ಕನ್ನಡಕ ಯಾವಾಗಲೂ ಹಣೆಯ ಮೇಲೆ, ಹುಡುಕುವುದು ಮಾತ್ರ ಜೇಬಿನಲ್ಲಿ.

ಆ ಚಿತ್ರ ಏನೆಂದು ಬುಧವಾರವೇ ನಿರ್ದೇಶಕರು ಅವಳಿಗೆ ಬಿಡಿಸಿ ಹೇಳಿದ್ದರು. ಮಾತು ಬಲ್ಲ ಮನುಷ್ಯ. ದೂರದಲ್ಲಿ ಎಲ್ಲೋ ಒಂದು ದೈತ್ಯ ನಕ್ಷತ್ರ ಕುಸಿದು ಸಾಯುವಾಗ ಕೆಲವೇ ಸೆಕೆಂಡು ಗಾಮಾ ಕಿರಣ ಸಿಡಿಯುತ್ತದೆ. ಆಕಾಶದಲ್ಲಿರುವ ಉಪಗ್ರಹಗಳು ಅದನ್ನು ಕಂಡು, ಇಂಥ ಹೊತ್ತು, ಇಂಥ ದಿಕ್ಕು ಎಂದು ಸುದ್ದಿ ಕಳಿಸುತ್ತವೆ. ಅದೇ ಸಿಡಿತದಲ್ಲಿ ನ್ಯೂಟ್ರಿನೊಗಳೂ ಹುಟ್ಟಬೇಕು ಎಂಬುದು ಲೆಕ್ಕ. ಭೂಮಿಯನ್ನೇ ತೂರಿಕೊಂಡು ಹೋಗುವ, ಯಾವುದಕ್ಕೂ ಸಿಕ್ಕದ ಕಣ ಅದು. ಅಪರೂಪಕ್ಕೊಂದು ತಳದ ಬಂಡೆಗೋ ನೀರಿಗೋ ಡಿಕ್ಕಿ ಹೊಡೆದರೆ, ನೀರಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ನೀಲಿ ಬೆಳಕಿನ ಗೆರೆ ಮೂಡುತ್ತದೆ. ಆ ಗೆರೆ ಹಿಡಿಯುವುದಕ್ಕೇ ಸರೋವರದ ಕತ್ತಲ ಆಳದಲ್ಲಿ ಹನ್ನೆರಡು ಕೇಬಲ್ಲುಗಳನ್ನು ನಿಲ್ಲಿಸಿದ್ದರು. ಒಂದೊಂದರಲ್ಲೂ ಮಣಿಗಳಂತೆ ಮೂವತ್ತಾರು ಗಾಜಿನ ಗೋಳ, ಗೋಳದೊಳಗೆ ಬೆಳಕು ಕಾಣುವ ಕಣ್ಣು. ಅದಕ್ಕೇ ಇಲ್ಲಿನವರೆಲ್ಲ ಕೇಬಲ್ಲಿಗೆ 'ಸರ' ಎನ್ನುತ್ತಿದ್ದರು.

ಹನ್ನೊಂದು ವರ್ಷ ಹುಡುಕಿದರು. ಒಂಬೈನೂರಕ್ಕೂ ಹೆಚ್ಚು ಸಿಡಿತಗಳು ಆಗಿಹೋದವು. ಹೊತ್ತು ಕೂಡಿದರೆ ದಿಕ್ಕು ಕೂಡಲಿಲ್ಲ, ದಿಕ್ಕು ಕೂಡಿದರೆ ಹೊತ್ತು ಕೂಡಲಿಲ್ಲ. ಕೊನೆಗೆ ನಲವತ್ತು ದಿನದ ಹಿಂದೆ ಗಡಿಯಾರದಪ್ಪನ ಸೊಸೆ ಆರು ತಿಂಗಳ ಹಿಂದಿನ ದಾಖಲೆಗಳಲ್ಲಿ ಒಂದು ಗೆರೆ ಕಂಡಳು. ಸಿಡಿತ ಕಂಡ ಹತ್ತೊಂಬತ್ತು ಸೆಕೆಂಡಿಗೆ, ಅದೇ ದಿಕ್ಕಿನಿಂದ, ಒಂದೇ ಒಂದು ಗೆರೆ. ಸಂಶೋಧನಾಲಯವನ್ನು ಮುಚ್ಚಬೇಕೆಂದು ಮೇಲಿನವರು ಆದೇಶದ ಕರಡು ಬರೆದಿಟ್ಟಿದ್ದ ಕಾಲ ಅದು. ಆ ಕರಡು ಮತ್ತೆ ಕಪಾಟು ಸೇರಿತು.

"ಓದು," ಎಂದಳು ಇನ್‌ಸ್ಪೆಕ್ಟರ್.

ದಫೇದಾರ ಹಣೆಯಿಂದ ಕನ್ನಡಕ ಇಳಿಸಿದ. ಚಿತ್ರದ ಕೆಳಗೆ ಅಚ್ಚಾಗಿದ್ದ ದಿನಾಂಕವನ್ನೇ ಪುಸ್ತಕದಲ್ಲಿ ಹುಡುಕಿ, ತಡವರಿಸುತ್ತ ಓದಿದ. "ಏಳನೆಯ ಸರ. ದಡದ ಪೆಟ್ಟಿಗೆಯಲ್ಲಿ ತೇವ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಕಳಚಿದೆ. ಒರೆಸಿ ಒಣಗಿಸಿ ಹನ್ನೊಂದು ನಲವತ್ತೈದಕ್ಕೆ ಸೇರಿಸಿದೆ."

ಚಿತ್ರದ ಕೆಳಗಿನ ಹೊತ್ತು ಹನ್ನೊಂದು ಗಂಟೆ ಇಪ್ಪತ್ತಾರು ನಿಮಿಷ.

ಅವಳು ಮತ್ತೊಮ್ಮೆ ನೋಡಿದಳು. ಚಿತ್ರದಲ್ಲಿ ಹನ್ನೆರಡು ಉದ್ದ ಗೆರೆಗಳಿದ್ದವು, ಬುಡದಲ್ಲಿ ಒಂದರಿಂದ ಹನ್ನೆರಡರ ತನಕ ಅಂಕಿ. ಬೆಳಕು ಕಂಡ ಗೋಳಗಳಿಗೆಲ್ಲ ಬಣ್ಣದ ಬೊಟ್ಟು ಇಟ್ಟಿದ್ದರು. ಏಳನೆಯ ಗೆರೆಯ ಮೇಲೆ ಬೆರಳಿಟ್ಟು ಬೊಟ್ಟು ಎಣಿಸಿದಳು. ನಂಬಿಕೆ ಸಾಲದೆ ದಫೇದಾರನಿಗೂ ಎಣಿಸಲು ಹೇಳಿದಳು.

"ಐದು ಮೇಡಂ."

"ನಿನ್ನ ಮನೆ ಕರೆಂಟ್ ಫ್ಯೂಸ್ ಕಿತ್ತಿಟ್ಟಿದ್ದೀಯ ಅಂದ್ಕೋ. ಅದೇ ಹೊತ್ತಲ್ಲಿ ಪಡಸಾಲೇಲಿ ಐದು ದೀಪ ಉರಿದ್ರೆ ಏನಂತೀಯ?"

"ನನ್ನ ಮನೆ ಅಲ್ಲ ಅಂತೀನಿ," ಎಂದ ದಫೇದಾರ.

ಅವಳಿಗೆ ನಗು ಬರಲಿಲ್ಲ. ನ್ಯೂಟ್ರಿನೊ ಏನೆಂದು ಅವಳಿಗೆ ಇಂದಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೆ ಒಂದು ಹೊತ್ತನ್ನು ಇನ್ನೊಂದು ಹೊತ್ತಿನ ಪಕ್ಕದಲ್ಲಿಟ್ಟು ನೋಡುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಹನ್ನೊಂದು ಇಪ್ಪತ್ತಾರಕ್ಕೆ ಏಳನೆಯ ಸರ ಆರಿತ್ತು. ಆರಿದ ಸರ ಬೆಳಕು ಕಂಡಿತ್ತು. ಹಾಗಾದರೆ ಜಗತ್ತಿಗೆ ಸಾರಲಿದ್ದ ಈ ಗೆರೆ ನಕ್ಷತ್ರದಿಂದ ಬಂದದ್ದಲ್ಲ. ಯಾರೋ ಕೂತು ಬರೆದದ್ದು.

ಪುಸ್ತಕ ಬರೆದವನಿಗೆ ಅದು ಗೊತ್ತಿತ್ತು. ಅವನು ಸತ್ತಿದ್ದ. ಮತ್ತೆ ಯಾರಿಗೆ ಗೊತ್ತಿತ್ತು?

*

ಸೊಸೆಯ ಕೋಣೆ ಎರಡನೆಯ ಮಹಡಿಯ ಕೊನೆಯಲ್ಲಿತ್ತು. ಕಿಟಕಿಯ ಆಚೆ ಬೂದು ಬಣ್ಣದ ಸರೋವರ, ಅದರ ಮೇಲೆ ತೆಳ್ಳಗೆ ಮಂಜು. ಕುರ್ಚಿಯ ಬೆನ್ನಿಗೆ ಗಂಡಸರ ಒಂದು ಹಳೆಯ ಸ್ವೆಟರು. ಮೂರು ಗಂಟೆಯ ಭಾಷಣದ ಹಾಳೆಗಳನ್ನು ಎದುರಿಗೆ ಹರಡಿಕೊಂಡು ಅವಳು ಕೂತಿದ್ದಳು, ಓದುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಅವಳ ಕಣ್ಣು ಗುಳಿ ಬಿದ್ದಿತ್ತು.

ಇನ್‌ಸ್ಪೆಕ್ಟರ್ ದಫೇದಾರನನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿದಳು. ಪುಸ್ತಕವನ್ನು ಆ ಹಾಳೆಗಳ ಮೇಲೇ ಬಿಚ್ಚಿಟ್ಟಳು.

ಸೊಸೆ ಒಂದೇ ನೋಟಕ್ಕೆ ಗುರುತು ಹಿಡಿದಳು. ಸಾಲನ್ನು ಓದಲೂ ಇಲ್ಲ. ಅದೇ ಸಾಕ್ಷಿಯಾಯಿತು.

"ನಿಮಗೆ ಮೊದಲೇ ಗೊತ್ತಿತ್ತು."

"ಹೂಂ."

"ಯಾವತ್ತಿಂದ?"

"ಸೋಮವಾರದಿಂದ." ಅವಳು ಪುಸ್ತಕವನ್ನು ಮುಚ್ಚಿದಳು. "ಮಾವನೇ ತೋರಿಸಿದ್ರು."

"ಮಾವ ಹೇಳಿದ ಮಾರನೇ ದಿನ ಮಾವ ಸತ್ತರು. ನಾಲ್ಕು ದಿನದಿಂದ ನಾನು ಇಲ್ಲೇ ಓಡಾಡ್ತಿದ್ದೀನಿ. ನೀವು ಬಾಯಿಗೆ ಬೀಗ ಹಾಕ್ಕೊಂಡು ಭಾಷಣ ಬರೀತಿದ್ದೀರಿ."

ಸೊಸೆ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತಳು. ಹಲ್ಲಿನ ನೋವು ಕಿವಿಗೆ ಏರಿತ್ತು, ತಾಳ್ಮೆ ಅಷ್ಟೇ ಇಳಿದಿತ್ತು. ಈ ಗೆರೆ ಸುಳ್ಳೆಂದು ಹೊರಬಿದ್ದರೆ ಯಾರಿಗೆ ನಷ್ಟ ಎಂದು ಕೇಳಿದಳು. ನನಗೆ ಎಂದಳು ಸೊಸೆ. ಗೆರೆ ಬರೆಯುವುದು ಯಾರಿಗೆ ಸಾಧ್ಯ ಎಂದು ಕೇಳಿದಳು. ಇಲ್ಲಿ ಐದಾರು ಜನಕ್ಕೆ, ಅವರಲ್ಲಿ ನಾನೂ ಒಬ್ಬಳು ಎಂದಳು. ಮಂಗಳವಾರ ಬೆಳಿಗ್ಗೆ ಎಂಟರಿಂದ ಒಂಬತ್ತರ ತನಕ ಎಲ್ಲಿದ್ದಿರಿ ಎಂದು ಕೇಳಿದಳು. ಈ ಕೋಣೆಯಲ್ಲೇ, ಒಬ್ಬಳೇ ಎಂದಳು. ಒಂದು ಪ್ರಶ್ನೆಗೂ ಅವಳು ತನ್ನನ್ನು ಕಾಪಾಡಿಕೊಳ್ಳುವ ಉತ್ತರ ಕೊಡಲಿಲ್ಲ. ಅಪರಾಧಿಗಳು ಹೀಗೆ ಉತ್ತರಿಸುವುದನ್ನು ಇನ್‌ಸ್ಪೆಕ್ಟರ್ ಕಂಡದ್ದು ಕಡಿಮೆ. ಬದುಕು ಸಾಕೆನಿಸಿದವರು ಹೀಗೆ ಉತ್ತರಿಸುವುದನ್ನು ಕಂಡಿದ್ದಳು.

ಅವಳು ದನಿ ಇಳಿಸಿದಳು. "ನೋಡಮ್ಮ, ಸೋಮವಾರ ಏನಾಯ್ತು, ಮೊದಲಿಂದ ಹೇಳು."

ಸೊಸೆ ಹೇಳಿದಳು. ಮಧ್ಯಾಹ್ನ ಮಾವ ಮೆಟ್ಟಿಲು ಹತ್ತಿ ಬಂದರು. ಕೆಲಸದ ಜಾಗದಲ್ಲಿ ಅವರು ಎಂದೂ ಸೊಸೆಯ ಕೋಣೆಗೆ ಕಾಲಿಟ್ಟವರಲ್ಲ. ಸಂಬಂಧದ ಸಲಿಗೆ ಇಲ್ಲಿ ಬೇಡ ಎನ್ನುತ್ತಿದ್ದರು. ಅಂದು ಬಾಗಿಲಲ್ಲೇ ನಿಂತು, ಏಳನೇ ಸರದ ಕಡೆ ಒಂದು ಸಲ ನೋಡು ಮಗಳೇ ಎಂದು ಈ ಪುಸ್ತಕ ಕೊಟ್ಟರು. ಕಂಪ್ಯೂಟರು ಸರಗಳ ಹಾಜರಿ ತೆಗೆದುಕೊಳ್ಳುವುದು ಗಂಟೆಗೊಮ್ಮೆ. ಹನ್ನೊಂದಕ್ಕೆ ಏಳನೆಯ ಸರ ಹಾಜರಿತ್ತು, ಹನ್ನೆರಡಕ್ಕೂ ಹಾಜರಿತ್ತು. ನಡುವೆ ಕಳಚಿದ್ದು ಈ ಪೆನ್ಸಿಲ್ ಸಾಲಿನಲ್ಲಿ ಬಿಟ್ಟರೆ ಜಗತ್ತಿನ ಇನ್ಯಾವ ಕಡೆಯೂ ಇರಲಿಲ್ಲ.

"ಓದಿ ಮುಗಿಸಿ ಗೆರೆಯ ಹೊತ್ತಿನ ಪಕ್ಕ ಇಟ್ಟು ನೋಡಿದೆ ಮೇಡಂ. ಅವರು ಬೈಯಲಿಲ್ಲ. ಒಂದು ದಿನ ಟೈಮ್ ಕೊಡಿ ಮಾವ, ಮತ್ತೆ ನೋಡ್ತೀನಿ ಅಂದೆ. ಆಯ್ತು ಅಂದ್ರು."

"ಆಮೇಲೆ?"

"ನಿರ್ದೇಶಕರ ಹತ್ತಿರ ಓಡಿದೆ. ಲಕೋಟೆ ತೆಗೆಸೋಕೆ."

ಲಕೋಟೆಯ ಮಾತು ಇನ್‌ಸ್ಪೆಕ್ಟರ್ ಕೇಳಿದ್ದು ಅದೇ ಮೊದಲು.

ಸೊಸೆ ಬಿಡಿಸಿ ಹೇಳಿದಳು. ಇಂಥ ಹುಡುಕಾಟದಲ್ಲಿ ಹುಡುಕುವವರ ಆಸೆಯೇ ದೊಡ್ಡ ಶತ್ರು. ಕಾಣಬೇಕೆಂದು ಕಾದವರಿಗೆ ಇಲ್ಲದ್ದೂ ಕಾಣುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಚೀಟಿ ಎತ್ತಿ ಒಬ್ಬರನ್ನು ಗುಟ್ಟಾಗಿ ಆರಿಸುತ್ತಾರೆ. ಅವರು ಬೇಕೆಂದೇ ಒಂದು ಸುಳ್ಳು ಗೆರೆಯನ್ನು ನಿಜವಾದ ದಾಖಲೆಗಳೊಳಗೆ ಸೇರಿಸಬಹುದು, ಸೇರಿಸದೆಯೂ ಇರಬಹುದು. ಏನು ಮಾಡಿದೆನೆಂದು ಬರೆದು ಅರಗು ಹಾಕಿ ಲಕೋಟೆಯಲ್ಲಿಡುತ್ತಾರೆ. ಆಯ್ಕೆಯಾದವರು ಯಾರೆಂಬುದು ಅವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಬಾರದು, ನಿರ್ದೇಶಕರಿಗೂ. ಹೊರಗೆ ಸಾರುವ ಮುಂಚೆ ಲಕೋಟೆ ಒಡೆದು ನೋಡಲೇಬೇಕು.

"ನಿರ್ದೇಶಕರು ಏನಂದ್ರು?"

"ನಾನಾಗಲೇ ಒಡೆದು ನೋಡಿದ್ದೀನಿ, ಖಾಲಿ ಹಾಳೆ. ಯಾರೂ ಏನೂ ಸೇರಿಸಿಲ್ಲ. ನಿನ್ನ ಗೆರೆ ನಿಜ. ನಿನ್ನ ಮಾವನ ಕೈ ನಡುಗುತ್ತೆ, ಹೊತ್ತು ತಪ್ಪಾಗಿ ಬರೆದಿರ್ತಾನೆ ಅಂದ್ರು."

"ನೀನು ನಂಬಿದೆ."

"ನಂಬಬೇಕು ಅನ್ನಿಸ್ತು." ಅವಳು ಮೊದಲ ಸಲ ತಲೆ ಎತ್ತಿ ನೋಡಿದಳು. "ಎರಡು ವರ್ಷದಿಂದ ಆ ಮನೇಲಿ ಒಂದು ಒಳ್ಳೆ ಸುದ್ದಿ ಬಂದಿರಲಿಲ್ಲ ಮೇಡಂ. ಈ ಗೆರೆ ಕಂಡ ದಿನ ನಮ್ಮ ಅತ್ತೆ ನನಗೆ ಹೊಸ ಅಂಗಿ ಹೊಲಿದು ಕೊಟ್ರು. ಮಗ ಹೋದ ಮೇಲೆ ಅವರು ಮನೆಯವರಿಗೆ ಅಂತ ಹೊಲಿದಿದ್ದು ಅದೊಂದೇ."

ಇನ್‌ಸ್ಪೆಕ್ಟರ್ ಎದ್ದು ನಿಂತಳು. "ಲಕೋಟೆ ಎಲ್ಲಿದೆ?"

*

ಲಕೋಟೆಗಳ ಕಬ್ಬಿಣದ ಕಪಾಟು ನಿರ್ದೇಶಕರ ಕೋಣೆಯಲ್ಲಿರಲಿಲ್ಲ, ಕೆಳಗಿನ ಗ್ರಂಥಾಲಯದಲ್ಲಿತ್ತು. ಬೀಗದ ಕೈ ಗ್ರಂಥಪಾಲಕಿಯ ಸೊಂಟದಲ್ಲಿ. ಅವಳು ಕಟ್ಟುನಿಟ್ಟಿನ ಹೆಂಗಸು. ಕಪಾಟು ತೆರೆಯಬೇಕಾದರೆ ಇಬ್ಬರು ರಿಜಿಸ್ಟರಿನಲ್ಲಿ ರುಜು ಹಾಕಬೇಕು, ಅದು ದೇವರಾದರೂ ಸರಿ ಎಂದಳು. ಇನ್‌ಸ್ಪೆಕ್ಟರ್ ರುಜು ಹಾಕುವ ಮುಂಚೆ ರಿಜಿಸ್ಟರಿನ ಹಿಂದಿನ ಸಾಲು ಓದಿದಳು. ಕಪಾಟು ಕೊನೆಯ ಸಲ ತೆರೆದದ್ದು ಐದು ತಿಂಗಳ ಹಿಂದೆ, ಹೆಸರಿಲ್ಲದೆ ಬಂದ ಲಕೋಟೆಯನ್ನು ಗ್ರಂಥಪಾಲಕಿ ಒಳಗಿಟ್ಟ ದಿನ. ಆಮೇಲೆ ಯಾರೂ ತೆರೆದಿರಲಿಲ್ಲ.

ಸೊಸೆಯೂ ಅದನ್ನು ಓದಿದಳು.

ಲಕೋಟೆ ಹೊರಬಂತು. ಕೆಂಪು ಅರಗು ಹಾಗೇ ಇತ್ತು, ಒಂದು ಬಿರುಕೂ ಇರಲಿಲ್ಲ. ಖಾಲಿ ಹಾಳೆ ಎಂದು ಹೇಳಿದ ಮನುಷ್ಯ ಅದನ್ನು ಮುಟ್ಟಿಯೂ ಇರಲಿಲ್ಲ.

ನೋಡದೆ ಇದ್ದರೆ ನಿಜ ಗೊತ್ತಾಗುವುದಿಲ್ಲ, ಗೊತ್ತಿಲ್ಲದಿದ್ದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ದೊಡ್ಡ ಕುರ್ಚಿಯಲ್ಲಿ ಕೂತವರ ಈ ಲೆಕ್ಕ ಇನ್‌ಸ್ಪೆಕ್ಟರಿಗೆ ಹಳೆಯ ಪರಿಚಯ. ಅವಳು ಗ್ರಂಥಪಾಲಕಿಯ ಎದುರಿಗೇ ಅರಗು ಒಡೆದು ಒಳಗಿನ ಹಾಳೆ ಬಿಡಿಸಿದಳು.

ಹಾಳೆ ಖಾಲಿ ಇರಲಿಲ್ಲ.

'ಈ ವರ್ಷದ ಚೀಟಿಯಲ್ಲಿ ನನ್ನ ಹೆಸರು ಬಂದಿದೆ. ನಿಯಮದಂತೆ ಒಂದು ಸುಳ್ಳು ಗೆರೆ ಸೇರಿಸಿದ್ದೇನೆ. ದಿನವೂ ಹೊತ್ತೂ ಕೆಳಗಿದೆ. ಆ ಹೊತ್ತಿನಲ್ಲಿ ಏಳನೆಯ ಸರವನ್ನು ನಾನೇ ಕಳಚಿದ್ದೆ. ಆದರೂ ಅದರಲ್ಲಿ ಐದು ದೀಪ ಹಚ್ಚಿದ್ದೇನೆ. ಇದು ಕೈತಪ್ಪಿ ಆದದ್ದಲ್ಲ. ಪುಸ್ತಕ ತೆಗೆದು ನೋಡುವ ಒಬ್ಬರಾದರೂ ಇಲ್ಲಿ ಉಳಿದಿದ್ದಾರೆಯೇ ಎಂದು ತಿಳಿಯಬೇಕಾಗಿದೆ. ಹುಡುಕುವವಳು ನನ್ನ ಮನೆಯವಳೇ. ಅವಳಿಗೆ ನಾನು ಹೇಳುವಂತಿಲ್ಲ.'

ಕೆಳಗೆ ದಿನಾಂಕ. ಹನ್ನೊಂದು ಗಂಟೆ ಇಪ್ಪತ್ತಾರು ನಿಮಿಷ. ಅದರ ಕೆಳಗೆ ನಡುಗುವ ರುಜು: ಗಡಿಯಾರದಪ್ಪನದು.

ಸೊಸೆ ಓದಿ ಮುಗಿಸಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಅಳಲಿಲ್ಲ. ನಲವತ್ತು ದಿನ ಎಂದಳು. ನಲವತ್ತು ದಿನ ತಾನು ಮನೆಯಲ್ಲಿ ಆ ಗೆರೆಯ ಮಾತೇ ಆಡಿದ್ದೆ, ಮಾವ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದರು ಎಂದಳು. ಆಮೇಲೆ ಅವಳ ಮುಖ ಬದಲಾದದ್ದನ್ನು ಇನ್‌ಸ್ಪೆಕ್ಟರ್ ಕಂಡಳು. ಒಳಗೆ ಏನೋ ಕಳಚಿ ಬಿದ್ದ ಹಾಗೆ.

"ಮೇಡಂ, ಲಕೋಟೆ ಖಾಲಿ ಅಂತ ಸೋಮವಾರ ಸಂಜೆ ಮಾವನಿಗೆ ನಾನೇ ಹೇಳಿದೆ."

"ಏನಂದ್ರು?"

"ಮೆಟ್ಟಿಲ ಮೇಲೆ ಕೂತುಬಿಟ್ರು. ಅವರೇ ಒಡೆದು ನೋಡಿದ್ರಂತಾ ಅಂತ ಎರಡು ಸಲ ಕೇಳಿದ್ರು. ಹೌದು ಮಾವ, ಅವರೇ ಅಂದೆ. ಸರಿ, ನಾಳೆ ಬೆಳಿಗ್ಗೆ ನಾನೇ ಹೋಗಿ ಅವರನ್ನ ಕೇಳ್ತೀನಿ ಅಂದ್ರು. ಪುಸ್ತಕ ವಾಪಸು ತಗೊಂಡು ಅಂಗಿ ಒಳಗೆ ಇಟ್ಕೊಂಡ್ರು." ಅವಳು ಎರಡೂ ಅಂಗೈ ನೋಡಿಕೊಂಡಳು. "ಅವರು ಬರೆದದ್ದು ಅವರಿಗೇ ಗೊತ್ತಿತ್ತಲ್ಲ. ನಿರ್ದೇಶಕರು ಸುಳ್ಳು ಹೇಳ್ತಿದ್ದಾರೆ ಅಂತ ಜಗತ್ತಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ನಾನೇ ಕಳಿಸಿಕೊಟ್ಟೆ."

ಸಮಾಧಾನದ ಮಾತು ಇನ್‌ಸ್ಪೆಕ್ಟರಿಗೆ ಬರುತ್ತಿರಲಿಲ್ಲ. ಅವಳು ಹುಡುಗಿಯ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ತೆಗೆದಳು. ಬೆಳಿಗ್ಗೆ ಎಂಟಕ್ಕೆ ನಿರ್ದೇಶಕರನ್ನು ಕೇಳಲು ಹೋದ ಮನುಷ್ಯ ಒಂಬತ್ತಕ್ಕೆ ಕತ್ತಲ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದ. ನಡುವಿನ ಒಂದು ಗಂಟೆಗೆ ಇನ್ನೂ ಸಾಕ್ಷಿ ಇರಲಿಲ್ಲ. ಬ್ಯಾಟರಿ ತಿರುಗಿಸಿದ ಕೈ ಯಾರದೆಂದು ಹೇಳುವವರಿರಲಿಲ್ಲ. ಆದರೂ ಕಾರಣ ಸಿಕ್ಕಿತ್ತು, ಅದು ಕಾಗದದ ಮೇಲಿತ್ತು. ನಿರ್ದೇಶಕರನ್ನು ಕರೆತರಲು ದಫೇದಾರನನ್ನು ಓಡಿಸಿದಳು.

ಕಾಗದವನ್ನು ಮಡಿಸಲು ಹೋದಾಗ ಸೊಸೆ ಅವಳ ಕೈ ಹಿಡಿದಳು.

"ಒಂದು ನಿಮಿಷ. ಇನ್ನೊಂದು ಸಲ ತೋರಿಸಿ."

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. ರುಜುವಿನ ಮೇಲೆ ಬೆರಳಿಟ್ಟಳು, ಆಮೇಲೆ ಮೇಲಿನ ಸಾಲುಗಳ ಮೇಲೆ. ರುಜು ನಡುಗಿತ್ತು. ಸಾಲುಗಳು ನಡುಗಿರಲಿಲ್ಲ. ದುಂಡಗೆ, ದೊಡ್ಡದಾಗಿ, ಒಂದಕ್ಕೊಂದು ತಾಕದಂತೆ ಬಿಡಿಬಿಡಿಯಾಗಿ ನಿಂತಿದ್ದವು.

"ರುಜು ಮಾತ್ರ ಮಾವನದು. ಐದು ತಿಂಗಳ ಹಿಂದೆಯೇ ಅವರ ಕೈಲಿ ಇಷ್ಟುದ್ದ ಬರೆಯೋಕೆ ಆಗ್ತಿರಲಿಲ್ಲ. ಪುಸ್ತಕದಲ್ಲಿ ನೋಡಿ, ಒಂದೊಂದು ಸಾಲು ಬರೆಯೋಕೇ ಒದ್ದಾಡಿದ್ದಾರೆ." ಅವಳು ಬೆರಳನ್ನು ಮತ್ತೆ ಮೇಲಿನ ಸಾಲಿಗೆ ತಂದಳು. "ಇದು ನಮ್ಮ ಅತ್ತೆ ಅಕ್ಷರ. ಬಟ್ಟೆ ಅಳತೆ ಚೀಟಿ ಮೇಲೆ ದಿನಾ ನೋಡ್ತೀನಿ."

ಕೆಲಸದ ಮಾತು ನನಗೆ ತಿಳಿಯೋದಿಲ್ಲ ತಾಯಿ ಎಂದು ಹೊಲಿಗೆಯಮ್ಮ ಬೆಳಿಗ್ಗೆ ಹೇಳಿದ್ದಳು. ಈ ಕಾಗದವನ್ನು ತನ್ನ ಕೈಯಾರೆ ಬರೆದಿದ್ದಳು. ಯಾವ ಗೆರೆ ಸುಳ್ಳು, ಸುಳ್ಳೆಂದು ಹೇಗೆ ತಿಳಿಯುತ್ತದೆ, ಖಾಲಿ ಎಂದವನು ಯಾಕೆ ಖಾಲಿ ಎಂದ, ಗಂಡ ಮಂಗಳವಾರ ಬೆಳಿಗ್ಗೆ ಯಾರನ್ನು ಕಾಣಲು ಹೋದ, ಎಲ್ಲವೂ ಆ ಹೆಂಗಸಿಗೆ ಮೊದಲ ದಿನದಿಂದ ಗೊತ್ತಿತ್ತು. ಪೊಲೀಸರು ನಾಲ್ಕು ಸಲ ಮನೆಗೆ ಬಂದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಪುಸ್ತಕವನ್ನು ಕೊಟ್ಟದ್ದು ಇವತ್ತು. ತಾನು ಹೊರಡುವ ಹೊತ್ತಿಗೆ.

"ನಿಮ್ಮ ಅತ್ತೆ ಬಂದಿದ್ದಾರಾ?"

"ಹನ್ನೆರಡೂವರೆಗೇ ಬಂದ್ರು. ನನ್ನ ಕೋಣೆಗೆ ಬಂದು ತಲೆ ಸವರಿ ಹೋದ್ರು."

ದಫೇದಾರ ಏದುಸಿರು ಬಿಡುತ್ತ ಬಂದ. ನಿರ್ದೇಶಕರು ಕೋಣೆಯಲ್ಲಿಲ್ಲ, ಸಭಾಂಗಣದಲ್ಲಿಲ್ಲ. ಪತ್ರಿಕೆಯವರು ಆಗಲೇ ಬಂದು ಕೂತಿದ್ದಾರೆ. ಅವನ ಹಿಂದೆ ದೋಣಿಯವನಿದ್ದ. ಸರಗಳ ದುರಸ್ತಿಗೆ ಹೋಗುವ ಮೋಟಾರು ದೋಣಿಯನ್ನು ಹತ್ತು ವರ್ಷದಿಂದ ನಡೆಸುವ ಮನುಷ್ಯ. ಕೊರಳಿಗೆ ದುರ್ಬೀನು, ಕೈಯಲ್ಲಿ ಎರಡು ಕಿತ್ತಳೆ ಬಣ್ಣದ ತೇಲುವ ಜಾಕೀಟು.

ಅವನು ಹೇಳಿದ್ದು ಇಷ್ಟು. ಒಂದು ಗಂಟೆಗೆ ನಿರ್ದೇಶಕರೂ ಗಡಿಯಾರದಪ್ಪನ ಮನೆಯವರೂ ದಡಕ್ಕೆ ಬಂದರು. ಗಂಡ ಜೀವ ತೇಯ್ದ ಸರಗಳಿರುವ ಜಾಗವನ್ನು ಒಂದು ಸಲ ಮೇಲಿನಿಂದಾದರೂ ನೋಡಬೇಕು ಎಂದು ಆಯಮ್ಮ ಪತ್ರಿಕೆಯವರ ಮುಂದೆಯೇ ಕೇಳಿದರಂತೆ. ಇಲ್ಲ ಎನ್ನಲು ಸಾಹೇಬರಿಗೆ ಆಗಲಿಲ್ಲ.

"ನಾನೇ ಕರ್ಕೊಂಡು ಹೋಗ್ತೀನಿ ಅಂದೆ ಮೇಡಂ. ಆಯಮ್ಮನೇ ಬೇಡ ಅಂದ್ರು. ಸಾಹೇಬ್ರಿಗೆ ಓಡಿಸೋಕೆ ಬರುತ್ತಲ್ಲ, ಅವರ ಹತ್ತಿರ ಸ್ವಲ್ಪ ಮಾತಿದೆ ಅಂದ್ರು." ಅವನು ಕೈಯಲ್ಲಿದ್ದದ್ದನ್ನು ತುಸು ಎತ್ತಿದ. "ಇವನ್ನ ಕೊಟ್ಟೆ. ಹತ್ತು ನಿಮಿಷದ ದಾರಿ, ಯಾಕಪ್ಪ ಅಂತ ಆಯಮ್ಮ ಎರಡನ್ನೂ ದಡದಲ್ಲೇ ಇಟ್ಟು ಹೋದ್ರು."

ಗ್ರಂಥಾಲಯದ ಕಿಟಕಿ ಸರೋವರದ ಕಡೆಗಿತ್ತು. ಇನ್‌ಸ್ಪೆಕ್ಟರ್ ಅದನ್ನು ತಳ್ಳಿ ತೆರೆದಳು. ಮಂಜಿನ ಆಚೆ, ದೂರದಲ್ಲಿ, ಇಂಜಿನ್ನಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಅವಳು ಕಿವಿಗೊಟ್ಟು ನಿಂತಂತೆಯೇ ಅದು ಎರಡು ಸಲ ಕೆಮ್ಮಿ ನಿಂತಿತು.

ಇನ್ನೊಂದು ದೋಣಿ ಇದೆಯಾ ಎಂದು ಅವಳು ಕೇಳಿದಳು. ಹುಟ್ಟು ಹಾಕುವುದೊಂದಿದೆ, ಅಲ್ಲಿಗೆ ಮುಟ್ಟಲು ಅರ್ಧ ಗಂಟೆ ಎಂದ ದೋಣಿಯವ. ತೆಗೆ ಎಂದಳು. ಅವನು ಓಡಿದ. ಅವನ ಕೊರಳಿನ ದುರ್ಬೀನು ಅಷ್ಟರಲ್ಲಿ ದಫೇದಾರನ ಕೈ ಸೇರಿತ್ತು. ಅವನು ಕನ್ನಡಕವನ್ನು ಹಣೆಗೆ ಏರಿಸಿ, ದುರ್ಬೀನು ಕಣ್ಣಿಗೊತ್ತಿ, ಬಹಳ ಹೊತ್ತು ಒಂದೇ ಕಡೆ ನೋಡಿದ.

"ಮೇಡಂ," ಎಂದ. "ದೋಣೀಲಿ ಒಬ್ಬರೇ ಇದ್ದಾರೆ."

ಸೊಸೆ ಸ್ಟೂಲಿನಿಂದ ಎದ್ದು ಕಿಟಕಿಗೆ ಬಂದಳು. "ಯಾರು?"

ದಫೇದಾರ ದುರ್ಬೀನಿನ ತಿರುಪನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.

"ಬೆನ್ನು ಕಾಣ್ತಿದೆ," ಎಂದ. "ನೀರಿನ ಕಡೆ ಬಗ್ಗಿದ್ದಾರೆ."